ಗುಳೆ ಹೋದ ಹುಡುಗನಿಗೆ ಏನು ಹಾಕಲಿ?

ಹೋದ ವರ್ಷ ದೀಪಾವಳಿ ಕಳೆದ ವಾರ ಶಾಲಾ ಕಚೇರಿಗಳಿಗಾಗಿ ನಾನು ಬರೆದ ಮುಕ್ತ ತಂತ್ರಾಂಶ ಬಳಸುವ ಕುಷ್ಟಗಿ ಕಡೆಯ ಒಂದು ಅನುದಾನಿತ ಶಾಲೆಯ ಗುಮಾಸ್ತರು ಫೋನ್ ಮಾಡಿದರು. “ತಮ್ಮಾ, ನಿನ್ನ ತಂತ್ರಾಂಶದಲ್ಲಿ ಹಾಜರು ಇದೆ, ಗೈರು ಇದೆ, ಶಾಲೆ ಬಿಟ್ಟದ್ದೂ ಇದೆ. ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋದ ಹುಡುಗನಿಗೆ ಏನು ಹಾಕಲಿ?”

ನನ್ನಲ್ಲಿ ಉತ್ತರವಿರಲಿಲ್ಲ. ದಿನವೂ ಗೈರು ಎಂದು ಹಾಕಿದರೆ ಹಾಜರಿ ಕುಸಿದು ಹೆಸರು ಕೆಂಪಾಗುತ್ತದೆ. ಶಾಲೆ ಬಿಟ್ಟ ಎಂದರೆ ಪಟ್ಟಿಯಿಂದಲೇ ಹೊರಗೆ; ಯುಗಾದಿಗೆ ಮರಳಿದಾಗ ಮತ್ತೆ ಹೊಸದಾಗಿ ದಾಖಲಿಸಬೇಕು. ಅವರ ಹಳೆಯ ಹಾಜರಿ ಪುಸ್ತಕದಲ್ಲಿ ಈ ತಾಪತ್ರಯ ಇರಲಿಲ್ಲ. ಹೆಸರಿನ ಪಕ್ಕ ಪೆನ್ಸಿಲ್ಲಿನಿಂದ ‘ಗುಳೆ’ ಎಂದು ಬರೆಯುತ್ತಿದ್ದರು, ಹುಡುಗ ಬಂದ ಮೇಲೆ ಅಳಿಸುತ್ತಿದ್ದರು. ಎರಡು ವರ್ಷ ಕುಳಿತು ಬರೆದ ನನ್ನ ಕೋಡ್‌ಗೆ ಆ ಪೆನ್ಸಿಲ್ಲಿಗಿದ್ದಷ್ಟು ಬುದ್ಧಿ ಇರಲಿಲ್ಲ.

ಮುಕ್ತ ತಂತ್ರಾಂಶದ ಬಗ್ಗೆ ನಾವು ದೊಡ್ಡ ಮಾತುಗಳನ್ನೇ ಆಡುತ್ತೇವೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನು ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಯೋಜನೆ ಘೋಷಿಸಿದ್ದರಿಂದ ಹಿಡಿದು ಬಳಸುವ, ಓದುವ, ತಿದ್ದುವ, ಹಂಚುವ ಸ್ವಾತಂತ್ರ್ಯಗಳವರೆಗೆ. ಅದೆಲ್ಲ ನಿಜ. ಬೆಂಗಳೂರಿನ ಕಂಪನಿಯೊಂದು ಮಾಡಿದ ಫೆಡೆನಾ ಎಂಬ ಶಾಲಾ ಆಡಳಿತ ತಂತ್ರಾಂಶದ ಕೋಡ್ ಮುಕ್ತವಾಗಿದ್ದುದರಿಂದಲೇ ಕೇರಳ ಅದರ ಮೇಲೆ ತನ್ನ ಶಾಲೆಗಳಿಗಾಗಿ ‘ಸಂಪೂರ್ಣ’ವನ್ನು ಕಟ್ಟಿಕೊಂಡಿತು. ಆದರೆ ನಮ್ಮ ಗುಮಾಸ್ತರು ಕೋಡ್ ಓದಲಾರರು. ತಿದ್ದುವ ಹಕ್ಕು ಅವರಿಗಿದ್ದೂ ಇಲ್ಲದಂತೆ. ಅವರು ಮಾಡಬಲ್ಲದ್ದು ಒಂದೇ, ಫೋನ್ ಮಾಡಿ ಬೈಯುವುದು. ಆ ಬೈಗುಳವನ್ನೂ ಕೋಡ್ ಬರೆದವನ ದುಡಿಮೆಯ ಸಾಲಿನಲ್ಲೇ ಎಣಿಸಬೇಕು ಎನ್ನುವುದು ನನ್ನ ವಾದ. ಈಗ ಕೊಡುಗೆದಾರರ ಪಟ್ಟಿಯಲ್ಲಿ ಮೂವರು ಗುಮಾಸ್ತರ ಮತ್ತು ಒಬ್ಬ ಜವಾನರ ಹೆಸರಿದೆ. ಗೆಳೆಯನೊಬ್ಬ ನಕ್ಕ. ನಗಲಿ.

ಕಳೆದ ಜೂನ್‌ನಲ್ಲಿ ಮೂರು ದಿನ ಆ ಶಾಲೆಯ ಕಚೇರಿಯಲ್ಲೇ ಕುಳಿತೆ. ದಾಖಲಾತಿಯ ಗದ್ದಲ, ಜೊತೆಗೆ ಟಿಸಿ ಬೇಕೆನ್ನುವವರ ಸಾಲು. ಐದನೆಯ ತರಗತಿಯಲ್ಲಿ ನಾಲ್ವರು ಹುಲಿಗೆಮ್ಮಂದಿರಿದ್ದರು. ಹುಲಿಗಿಯ ಅಮ್ಮನ ಸೀಮೆಯಲ್ಲಿ ಇದು ಹೊಸದೇನಲ್ಲ. ನನ್ನ ನಮೂನೆ ಮಾತ್ರ ಅಡ್ಡಹೆಸರು ತುಂಬದೆ ಮುಂದೆ ಹೋಗಲು ಬಿಡುತ್ತಿರಲಿಲ್ಲ. ಇಲ್ಲದ ಅಡ್ಡಹೆಸರನ್ನು ಎಲ್ಲಿಂದ ತರುವುದು? ಗುಮಾಸ್ತರು ಆ ಜಾಗದಲ್ಲಿ ಒಂದು ಚುಕ್ಕೆ ಇಟ್ಟು ಮುಂದೆ ಹೋಗಿದ್ದರು. ಹೀಗಾಗಿ ನಾಲ್ವರೂ ‘ಹುಲಿಗೆಮ್ಮ ಚುಕ್ಕೆ’ ಆಗಿ ಕುಳಿತಿದ್ದರು. ನನಗೆ ಯಾರೂ ಹೇಳಿರಲಿಲ್ಲ. ಅವರಿಗೆ ಅದು ದೂರು ಎಂದೇ ಅನ್ನಿಸಿರಲಿಲ್ಲ. ಪಕ್ಕದಲ್ಲಿ ಕೂರದಿದ್ದರೆ ಆ ಚುಕ್ಕೆ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಈಗ ಅಡ್ಡಹೆಸರು ಕಡ್ಡಾಯವಲ್ಲ, ಹೆಸರಿನ ಕೆಳಗೆ ತಂದೆಯ ಹೆಸರೂ ಊರೂ ಕಾಣುತ್ತವೆ.

ಎರಡನೆಯ ದಿನ ಮಧ್ಯವಯಸ್ಸಿನ ಒಬ್ಬರು ಬಂದರು. ಕಲ್ಯಾಣ ಕರ್ನಾಟಕದವರಿಗೆ ಉದ್ಯೋಗ, ಶಿಕ್ಷಣದಲ್ಲಿ ಮೀಸಲಾತಿ ಕೊಡುವ 371(ಜೆ) ವಿಧಿಯ ಅರ್ಹತಾ ಪತ್ರಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕಿತ್ತು. ಅವರು ಶಾಲೆ ಬಿಟ್ಟು ಇಪ್ಪತ್ತು ವರ್ಷ ದಾಟಿದೆ. ನನ್ನ ತಂತ್ರಾಂಶಕ್ಕೆ ಗೊತ್ತಿದ್ದದ್ದು ಈಗಿನ ಮಕ್ಕಳು ಮಾತ್ರ. ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಶಾಲೆಯ ಹಳೆಯ ದಾಖಲಾತಿ ವಹಿಗೆ ಎಷ್ಟು ಬೆಲೆ ಎಂಬುದು, ಇದೇ ನೆಲದಲ್ಲಿ ಬೆಳೆದ ನನಗೆ ಹೊಳೆಯದೇ ಹೋಯಿತಲ್ಲ! ಗುಮಾಸ್ತರು ಹಳೆಯ ವಹಿಗಳ ಅರ್ಧದಷ್ಟನ್ನು ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟಿದ್ದರು. ನಾನು ಹುರುಪಿನಲ್ಲಿ ಒಂದೇ ರಾತ್ರಿ ಎಲ್ಲವನ್ನೂ ಯೂನಿಕೋಡ್ ಎಂಬ ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತಕ್ಕೆ ಬದಲಿಸಿದೆ. ಬೆಳಿಗ್ಗೆ ನೋಡಿದರೆ ದುರ್ಗಮ್ಮ ‘ದುಗರ್ಮ್ಮ’ ಆಗಿದ್ದಳು. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆಯೇ ವ್ಯಂಜನದ ನಂತರ ಕೂರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಪ್ರಕಾರ ರಕಾರ ಮೊದಲು ಬರಬೇಕು. ಮುದ್ರಿಸಿದ ಹಾಳೆ ನೋಡಿ ಇದನ್ನು ಮೊದಲು ಹಿಡಿದವರು ಜವಾನರು. ದುರ್ಗಮ್ಮ ಅವರ ತಂಗಿ.

ಹೇಳಿದ್ದನ್ನೆಲ್ಲ ಮಾಡಿಕೊಡುತ್ತೇನೆ ಎಂದಲ್ಲ. ಬೇರೆ ಊರಿನ ಒಂದು ಖಾಸಗಿ ಶಾಲೆಯ ಆಡಳಿತ ಮಂಡಳಿಯವರು, ಶುಲ್ಕ ಬಾಕಿ ಇದ್ದರೆ ಟಿಸಿ ಮುದ್ರಣವೇ ಆಗಬಾರದು, ಹಾಗೆ ಮಾಡಿಕೊಡಿ ಎಂದರು. ಆಗುವುದಿಲ್ಲ ಎಂದೆ. ಬೇರೊಬ್ಬ ಹುಡುಗನಿಂದ ಮಾಡಿಸಿಕೊಂಡರು. ಪರವಾನಗಿಯ ಪ್ರಕಾರ ಅದು ಅವರ ಹಕ್ಕು, ನಾನೇ ಕೊಟ್ಟದ್ದು. ಆದರೂ ಹೊಟ್ಟೆ ಉರಿಯುತ್ತದೆ. ‘ಬಳಕೆದಾರರ ಅಭಿಪ್ರಾಯ’ ಎಂದಾಗ ನಾವು ಯಾರ ಮಾತು ಕೇಳುತ್ತೇವೆ? ಹಣ ಕೊಡುವವರದ್ದು ಮೊದಲು, ಗುಂಡಿ ಒತ್ತುವವರದ್ದು ನಂತರ. ಟಿಸಿಗಾಗಿ ಬಾಗಿಲಲ್ಲಿ ನಿಂತ ತಾಯಿ ಈವರೆಗೆ ನನಗೆ ಫೋನ್ ಮಾಡಿಲ್ಲ. ಆಕೆಯ ಬಳಿ ನನ್ನ ನಂಬರ್ ಇಲ್ಲ.

ಗುಳೆಯ ಕಥೆ ಹೇಳುವುದು ಉಳಿಯಿತು. ಆ ಫೋನ್ ಬಂದ ಹತ್ತು ದಿನಕ್ಕೆ ಹಾಜರಿ, ಗೈರುಗಳ ಪಕ್ಕ ‘ಗುಳೆ’ ಎಂಬ ಹೊಸ ಗುರುತು ಸೇರಿಸಿದೆ. ಒತ್ತಿದರೆ ಹೆಸರು ಪಟ್ಟಿಯಲ್ಲೇ ಉಳಿಯುತ್ತದೆ, ಶೇಕಡಾವಾರು ಲೆಕ್ಕಕ್ಕೆ ಆ ದಿನಗಳು ಬರುವುದಿಲ್ಲ. ಗುಮಾಸ್ತರು ಖುಷಿಯಾಗಿ ಹನ್ನೊಂದು ಮಕ್ಕಳಿಗೆ ಹಾಕಿದರು. ಯುಗಾದಿಯ ಮರುದಿನ ಮತ್ತೆ ಫೋನ್.

“ತಮ್ಮಾ, ಆರು ಮಕ್ಕಳು ಬಂದಿದ್ದಾರೆ. ಅಳಿಸುವುದು ಎಲ್ಲಿದೆ?”

ಅದನ್ನು ನಾನು ಬರೆದಿರಲಿಲ್ಲ.