ಹೊಟ್ಟೆ ಮಾವನದು, ಮಾತು ಮಾತ್ರ ಮಗನ ಹತ್ತಿರ

ಬೆಳಿಗ್ಗೆ ಆಸ್ಪತ್ರೆಯಿಂದ ಬಂದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ.

ನಮ್ಮ ಟೈಲರ್ ಮಾವ ನಿಮಗೆಲ್ಲ ಗೊತ್ತು. 74 ವರ್ಷ, ಹಾರ್ಟಿಗೆ ಎರಡು ಸ್ಟೆಂಟ್. ಹೋದ ತಿಂಗಳು ಅವರ ಹೊಟ್ಟೆಯೊಳಗಿದ್ದ ಸಣ್ಣ ಕ್ಯಾನ್ಸರನ್ನು ಎಂಡೋಸ್ಕೋಪಿಯಲ್ಲೇ ತೆಗೆದರು. ಸುತ್ತಲೂ ಕೊಯ್ದು, ಒಳಪದರವನ್ನು ಒಂದೇ ತುಂಡಾಗಿ ಬಿಡಿಸುವ ಇಎಸ್‌ಡಿ. ಇವತ್ತು ಬಯಾಪ್ಸಿ ರಿಪೋರ್ಟ್ ಬಂತು. ಡಾಕ್ಟರು ಮಾತಾಡಿದ್ದು ಮಾವನ ಮಗನ ಹತ್ತಿರ, ಕಾರಿಡಾರಿನಲ್ಲಿ, ನಿಂತುಕೊಂಡೇ. "ಸ್ವಲ್ಪ ಆಳಕ್ಕೆ ಹೋಗಿದೆ, ಆಪರೇಷನ್ ಮಾಡಿಸಿಬಿಡಿ." ಮಾವ ನಾಲ್ಕು ಹೆಜ್ಜೆ ಆಚೆ ಇಡ್ಲಿ ಡಬ್ಬಿ ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ಹೊಟ್ಟೆ ಅವರದು!

"ವಯಸ್ಸಾದವರಿಗೆ ಯಾಕೆ ಹೇಳಿ ಹೆದರಿಸೋದು" ಅಂತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅಪ್ಪನ ರಿಪೋರ್ಟನ್ನು ಬೀರುವಿನಲ್ಲಿ ಬಚ್ಚಿಟ್ಟವಳು ನಾನೇ. ಕೊನೆಯ ವಾರ ಅವರು "ನನಗೂ ಹೇಳಬಹುದಿತ್ತಲ್ಲಮ್ಮ" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಹಾಗಾಗಿ ಈ ವಾದ ನನ್ನ ಮುಂದೆ ಬೇಡ.

ಮನೆಗೆ ಬಂದು ನಾನೇ ಮಾವನ ಪಕ್ಕ ಕೂತು ರಿಪೋರ್ಟ್ ಓದಿದೆ. ಗಡ್ಡೆ 18 ಮಿಲಿಮೀಟರ್. ಒಳಪದರ ದಾಟಿ ಕೆಳಗಿನ ಪದರಕ್ಕೆ 700 ಮೈಕ್ರಾನ್, ಅಂದರೆ 0.7 ಮಿಲಿಮೀಟರ್ ಇಳಿದಿದೆ. 500 ದಾಟಿದರೆ ಪೂರ್ತಿ ವಾಸಿಯಾಯಿತು ಅಂತ ಹೇಳುವುದಿಲ್ಲ. ಮಾವ ಕನ್ನಡಕ ಏರಿಸಿ ಕೇಳಿದ್ದು ಒಂದೇ: "ಅಂಚು ಕ್ಲೀನಾಗಿದೆಯಾ?" ಬಟ್ಟೆ ಕತ್ತರಿಸಿದ ಕೈ, ಕೇಳಬೇಕಾದ್ದನ್ನೇ ಕೇಳಿತು. ಅಂಚು ಕ್ಲೀನಾಗಿದೆ, ಕತ್ತರಿಸಿದ ಕಡೆ ಕ್ಯಾನ್ಸರ್ ಉಳಿದಿಲ್ಲ. ರಕ್ತನಾಳದಲ್ಲೂ ಲಿಂಫ್ ನಾಳದಲ್ಲೂ ಏನೂ ಇಲ್ಲ.

ಇಂಥವರಲ್ಲಿ ಕ್ಯಾನ್ಸರ್ ಲಿಂಫ್ ಗ್ರಂಥಿಗಳಿಗೆ ಹರಡಿರುವ ಸಾಧ್ಯತೆ ಎಷ್ಟು ಅಂತ ಅಳೆಯಲೆಂದೇ ಜಪಾನಿನ ವೈದ್ಯರು 2017ರಲ್ಲಿ ಇಕ್ಯೂರಾ ಅನ್ನುವ ಅಂಕದ ಲೆಕ್ಕ ಕೊಟ್ಟರು. ಲಿಂಫ್ ನಾಳಕ್ಕೆ ಹೊಕ್ಕಿದ್ದರೆ 3 ಅಂಕ. 30 ಮಿಲಿಮೀಟರ್‌ಗಿಂತ ದೊಡ್ಡ ಗಡ್ಡೆ, ತಳದ ಅಂಚಿನಲ್ಲಿ ಉಳಿಕೆ, ರಕ್ತನಾಳಕ್ಕೆ ಹೊಕ್ಕಿರುವುದು, 500 ಮೈಕ್ರಾನ್ ದಾಟಿದ ಆಳ, ಇವಕ್ಕೆ ಒಂದೊಂದು. ಮಾವನಿಗೆ ಆಳದ್ದು ಮಾತ್ರ, 1. ಆ ವೈದ್ಯರ ಲೆಕ್ಕದಲ್ಲಿ 0-1 ಇದ್ದವರಲ್ಲಿ ಗ್ರಂಥಿಗಳಿಗೆ ಹರಡಿದ್ದು ಶೇ. 2.5. 5ರಿಂದ 7 ಇದ್ದವರಲ್ಲಿ ಶೇ. 22.7. ಎರಡೂ ಒಂದೇನಾ? ಕಾರಿಡಾರಿನಲ್ಲಿ ಎರಡಕ್ಕೂ ಒಂದೇ ಮಾತು!

ಆಪರೇಷನ್ ತಪ್ಪು ಅಂತ ನಾನು ಹೇಳುತ್ತಿಲ್ಲ. ಗ್ರಂಥಿಯಲ್ಲಿ ಅಡಗಿದ್ದರೆ ಅದನ್ನು ತೆಗೆಯುವ ದಾರಿ ಅದೇ. ಸುಮ್ನೆ ಕಾಯ್ದು, ಆಮೇಲೆ ಬೇರೆ ಕಡೆ ಕಾಣಿಸಿಕೊಂಡರೆ ವಾಸಿ ಮಾಡುವುದು ಬಹಳ ಕಷ್ಟ. ಆದರೆ ಸ್ಟೆಂಟ್ ಇರುವ 74ರ ದೇಹಕ್ಕೆ ಹೊಟ್ಟೆಯ ಭಾಗ ತೆಗೆಯುವುದೂ ಸಣ್ಣ ಮಾತಲ್ಲ. ಆಮೇಲೆ ಊಟ ಕಮ್ಮಿ, ತೂಕ ಕಮ್ಮಿ. ಇನ್ನೊಂದು ದಾರಿ ಆಗಾಗ ಎಂಡೋಸ್ಕೋಪಿ, ಸಿಟಿ ಮಾಡಿಸಿ ಕಣ್ಣಿಟ್ಟಿರುವುದು. ಯಾವುದು ಬೇಕು ಅಂತ ಯಾರನ್ನು ಕೇಳಬೇಕು, ಅವರನ್ನೇ ಅಲ್ವಾ?

ಎಚ್. ಪೈಲೋರಿ ಟೆಸ್ಟಿನ ಮಾತಂತೂ ಯಾರೂ ಎತ್ತಲಿಲ್ಲ. ಆ ಬ್ಯಾಕ್ಟೀರಿಯಾ ಇದ್ದರೆ ಮಾತ್ರೆಯಿಂದ ತೊಲಗಿಸಬಹುದು. ಉಳಿದ ಹೊಟ್ಟೆಯಲ್ಲಿ ಹೊಸ ಕ್ಯಾನ್ಸರ್ ಬರುವ ಸಾಧ್ಯತೆ ಅದರಿಂದ ಅರ್ಧದಷ್ಟು ಇಳಿಯಿತು ಅಂತ 2018ರಲ್ಲಿ ಕೊರಿಯಾದ ವೈದ್ಯರು ತೋರಿಸಿದ್ದಾರೆ.

ಮಾವ ಟೇಪು ತಂದು ಒಂದು ಮಿಲಿಮೀಟರ್ ಗೆರೆ ಮೇಲೆ ಉಗುರಿಟ್ಟರು. "ಇದಕ್ಕಿಂತ ಕಮ್ಮಿ ಅಲ್ವೇನಮ್ಮ?" ಹೂಂ ಅಂದೆ. ರಿಪೋರ್ಟ್ ಮಡಚಿ ಅಂಗಿ ಜೇಬಿಗೆ ಹಾಕಿಕೊಂಡರು. ಗುರುವಾರ ಡಾಕ್ಟರ ಎದುರು ಕುರ್ಚಿಯಲ್ಲಿ ಕೂರುವುದು ಅವರೇ.