ಸಾರಿನ ಪುಡಿಗೊಂದು ಎದುರು ಪಾರ್ಟಿ

ಅತ್ತೆಯ ಸಾರಿನ ಪುಡಿ ಹೆಸರಿನ ಕೇಸಿಗೆ ನಿನ್ನೆಯೂ ವಾಯಿದೆ! ಎದುರು ಪಾರ್ಟಿಯ ವಕೀಲರಿಗೆ ಫೈಲ್ ಸಿಕ್ಕಿಲ್ಲವಂತೆ. ತಕರಾರು ಹಾಕಿದವರೂ ಅವರೇ, ಫೈಲ್ ಇಲ್ಲದವರೂ ಅವರೇ. ಒಂದು ಪಾರ್ಟಿಗೆ ಎರಡೇ ವಾಯಿದೆ ಅಂತ ನಿಯಮವಿದೆ. ಇವರು ಎರಡನ್ನೂ ಬಿಡದೆ ಬಳಸುವ ಜನ.

ಅತ್ತೆ ತಮ್ಮ ತಾಯಿ ತುಂಗಮ್ಮನ ಹೆಸರಲ್ಲಿ ಸಾರಿನ ಪುಡಿ ಮಾರುತ್ತಾರೆ. ಹೆಸರನ್ನು ಯಾರೂ ಹೊಡೆಯದಿರಲಿ ಅಂತ 4,500 ರೂಪಾಯಿ ಕಟ್ಟಿ ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಿದೆವು. ಟ್ರೇಡ್‌ಮಾರ್ಕ್ ಕಚೇರಿಯ ಜರ್ನಲ್‌ನಲ್ಲಿ ಹೆಸರು ಬಂತು ಅಂತ ಪೇಡಾ ಹಂಚಿದೆವು. ಬಂದ ಮೇಲೆ 4 ತಿಂಗಳು ಯಾರು ಬೇಕಾದರೂ ಆಕ್ಷೇಪಣೆ ಹಾಕಬಹುದು ಅಂತ ಪೇಡಾ ತಿಂದವರು ಯಾರೂ ಹೇಳಲಿಲ್ಲ. ಹಾಕಿದ್ದು ಒಂದು ಊದುಬತ್ತಿ ಕಂಪನಿ. ಎರಡೂ ಹೆಸರು ಕಿವಿಗೆ ಒಂದೇ ತರವಂತೆ, ಗಿರಾಕಿ ಮೋಸ ಹೋಗುತ್ತಾನಂತೆ.

"ಯಾವನೇ ಅವನು, ಸಾರಿಗೆ ಊದುಬತ್ತಿ ಹಾಕೋನು? ಹಾಗಾದ್ರೆ ತುಂಗಾ ಹೊಳೆಗೂ ನೋಟಿಸ್ ಕೊಡ್ಲಿ" ಅಂದರು ಅತ್ತೆ.

2 ತಿಂಗಳಲ್ಲಿ ಉತ್ತರ ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ. ಕೊಟ್ಟೆವು. ಆಮೇಲೆ ಸಾಕ್ಷಿ ಬೇಕು ಅಂದರು ನಮ್ಮ ವಕೀಲರು. ಯಾವಾಗಿಂದ ಈ ಹೆಸರಲ್ಲಿ ಮಾರುತ್ತಿದ್ದೀರಿ?

"ಮಗನ ಮುಂಜಿ ಆದಾಗಿಂದ."

ಅಫಿಡವಿಟ್‌ನಲ್ಲಿ ಹಾಗೆಲ್ಲ ಬರೆಯೋಕಾಗಲ್ಲ, ಬಿಲ್ ಕೊಡಿ ಅಂದರು. ಎಲ್ಲಿಯ ಬಿಲ್ಲು? ಹಾರ್ಲಿಕ್ಸ್ ಬಾಟಲಿಯಲ್ಲಿ ಪುಡಿ ತುಂಬಿ, "ಬಾಟಲಿ ವಾಪಸ್ ಕೊಡಿ" ಅನ್ನುವುದೇ ಅತ್ತೆಯ ಬಿಲ್ಲು. ಅಟ್ಟವೆಲ್ಲ ಜಾಲಾಡಿದ ಮೇಲೆ ಒಂದು ನೋಟ್‌ಬುಕ್ ಸಿಕ್ಕಿತು. ಒಂದು ಕಡೆ ಹಾಲಿನ ಲೆಕ್ಕ. ಇನ್ನೊಂದು ಕಡೆ, "ಸರೋಜ, ಅರ್ಧ ಕೆಜಿ, ದುಡ್ಡು ಬಂದಿಲ್ಲ." ವಕೀಲರ ಮುಖ ಅರಳಿತು. ಸರೋಜಮ್ಮನ ಕೈಲಿ ಒಂದು ಅಫಿಡವಿಟ್ ಮಾಡಿಸೋಣ ಅಂದರು. ಅಷ್ಟರಲ್ಲಿ ಅತ್ತೆ ಫೋನ್ ಮಾಡಿಯಾಗಿತ್ತು. ಸಾಕ್ಷಿಗಲ್ಲ, ಬಾಕಿಗೆ! ಸರೋಜಮ್ಮ ಕೊಟ್ಟಿದ್ದೀನಿ ಅಂದರು. ಇವರು ಬರೆದಿಟ್ಟಿದ್ದೀನಿ ಅಂದರು. ಅವರು ಫೋನ್ ಇಟ್ಟರು. ಈಗ ದೇವಸ್ಥಾನದಲ್ಲಿ ಸಿಕ್ಕರೂ ಮಾತಿಲ್ಲ. ನೋಟ್‌ಬುಕ್ಕಾದರೂ ಇದೆಯಲ್ಲ ಅಂದುಕೊಂಡರೆ, ಅದರಲ್ಲೆಲ್ಲೂ ತುಂಗಮ್ಮ ಅನ್ನುವ ಹೆಸರೇ ಇಲ್ಲ.

ತುಂಗಮ್ಮಜ್ಜಿಗೆ ಸಹಿ ಬರುತ್ತಿರಲಿಲ್ಲ, ಹೆಬ್ಬೆಟ್ಟೇ. ಒರಳಲ್ಲಿ ಕುಟ್ಟಿ, ಕೇಳಿದವರಿಗೆಲ್ಲ ಸೆರಗಲ್ಲಿ ಕಟ್ಟಿ ಕೊಡುತ್ತಿದ್ದರಂತೆ. ಅವರ ಹೆಸರು ಯಾರದು ಅಂತ ಈಗ ಚೆನ್ನೈನ ಟ್ರೇಡ್‌ಮಾರ್ಕ್ ಕಚೇರಿ ಹೇಳಬೇಕು.

ನಿನ್ನೆ ವಾಯಿದೆ ಸುದ್ದಿ ಹೇಳಲು ಬಂದ ವಕೀಲರು ಊಟಕ್ಕೆ ಕೂತರು. ಸಮಾಧಾನಕ್ಕೆ ನಂದಿನಿ ಕತೆ ತೆಗೆದರು. 1989ರಲ್ಲಿ ನಂಧಿನಿ ಅಂತ ಹೆಸರಿಟ್ಟುಕೊಂಡ ಬೆಂಗಳೂರಿನ ಹೋಟೆಲಿನವರಿಗೂ ಹಾಲಿನ ಕೆಎಂಎಫ್‌ಗೂ ಇದೇ ತರ ಜಗಳವಾಗಿ, ಸುಪ್ರೀಂ ಕೋರ್ಟ್ 2018ರಲ್ಲಿ ಹೋಟೆಲಿನ ಪರ ಹೇಳಿತು. ಹಾಲೇ ಬೇರೆ, ಊಟವೇ ಬೇರೆ. ನಮಗೂ ಹಾಗೇ ಆಗಬಹುದು ಅಂದರು.

ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದರು. "ಅಷ್ಟೊತ್ತಿಗೆ ನಂಗೆಷ್ಟು ವಯಸ್ಸಾಗಿರತ್ತೆ?"

ಸಾರು ಬಹಳ ಚೆನ್ನಾಗಿದೆ ಅಂದರು ವಕೀಲರು.