ಟ್ರಾಸ್ಟುಜುಮಾಬ್: ಕಂಪನಿಗಿಂತ ಫ್ರಿಡ್ಜ್ ನೋಡಿ

ಹರ್-2 ಪಾಸಿಟಿವ್ (ಗೆಡ್ಡೆಯ ಕೋಶಗಳ ಮೇಲೆ ಹರ್-2 ಎಂಬ ಪ್ರೋಟೀನು ಹೆಚ್ಚಿರುವ) ಸ್ತನ ಕ್ಯಾನ್ಸರ್‌ಗೆ ಟ್ರಾಸ್ಟುಜುಮಾಬ್ ಬರೆದ ಕೂಡಲೇ ಎಷ್ಟೋ ಮನೆಯವರು ಕೇಳುವುದು ಇದನ್ನೇ: "ಸಾಲ ಮಾಡಿಯಾದ್ರೂ ತರ್ತೀವಿ ಡಾಕ್ಟ್ರೇ, ಒರಿಜಿನಲ್ಲೇ ಬರ್ಕೊಡಿ." ಆ ಸಾಲ ಬೇಡ, ಬೇರೆ ಕಂಪನಿಗಳು ಮಾಡುವ ಇದರ ಅಗ್ಗದ ರೂಪ, ಅಂದರೆ ಬಯೋಸಿಮಿಲರ್, ಸಾಕು.

ಈ ಔಷಧಿ ತಯಾರಾಗುವುದು ಹ್ಯಾಮ್‌ಸ್ಟರ್‌ನ ಜೀವಕೋಶಗಳಲ್ಲಿ. ಜೀವಕೋಶ ಮಾಡಿದ ಪ್ರೋಟೀನು ಬ್ಯಾಚಿನಿಂದ ಬ್ಯಾಚಿಗೆ ತುಸು ಬದಲಾಗುತ್ತದೆ, ಒರಿಜಿನಲ್ಲೂ ಅಷ್ಟೇ. 2018-19ಕ್ಕೆ ಅವಧಿ ಮುಗಿಯುತ್ತಿದ್ದ ಕೆಲವು ಹರ್ಸೆಪ್ಟಿನ್ (ಅದೇ ಒರಿಜಿನಲ್ ಬ್ರ್ಯಾಂಡ್) ಬ್ಯಾಚುಗಳಲ್ಲೇ ಪ್ರೋಟೀನಿಗೆ ಅಂಟಿದ ಸಕ್ಕರೆ ಸರಪಳಿ ಬದಲಾಗಿ, ರೋಗನಿರೋಧಕ ಕೋಶಗಳನ್ನು ಕೆರಳಿಸುವ ಶಕ್ತಿ ತಗ್ಗಿದ್ದು ದಾಖಲಾಗಿದೆ. ಇಂಥ ಏರುಪೇರನ್ನು ಅಳೆದು ಅದಕ್ಕೆ ಹೊಂದುವಂತೆ ಮಾಡಿದ್ದೇ ಬಯೋಸಿಮಿಲರ್. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಮೊದಲ ಟ್ರಾಸ್ಟುಜುಮಾಬ್ ಬಯೋಸಿಮಿಲರ್ ನಮ್ಮ ಬೆಂಗಳೂರಿನ ಬಯೋಕಾನ್, ಮೈಲಾನ್ ಕಂಪನಿ ಜೊತೆ ಸೇರಿ ಮಾಡಿದ್ದು.

ಎಡವಟ್ಟಾಗುವುದು ಹೆಚ್ಚಾಗಿ ಔಷಧಿ ತಂದ ಮೇಲೆ. 440 ಮಿ.ಗ್ರಾಂ ಪುಡಿಯ ವಯಲ್ (ಸಣ್ಣ ಬಾಟಲಿ) ಜೊತೆಗೇ 20 ಮಿ.ಲೀ. ದ್ರಾವಕ ಬರುತ್ತದೆ, ಅದರಲ್ಲಿ ಕೆಡದಂತೆ ಬೆಂಜೈಲ್ ಆಲ್ಕೋಹಾಲ್ ಇರುತ್ತದೆ. ಅದರಲ್ಲೇ ಕರಗಿಸಿ 2ರಿಂದ 8 ಡಿಗ್ರಿಯಲ್ಲಿಟ್ಟರೆ 28 ದಿನ ಬಾಳುತ್ತದೆ. ಲೆಕ್ಕ ಹಾಕಿ: 60 ಕೆ.ಜಿ. ತೂಕದವರಿಗೆ ಮೊದಲ ಡೋಸ್ ಕೆ.ಜಿ.ಗೆ 8ರಂತೆ 480 ಮಿ.ಗ್ರಾಂ, 21 ದಿನ ಬಿಟ್ಟು 6ರಂತೆ 360. ಎರಡೂ ಸೇರಿ 840. ಎರಡು ವಯಲ್‌ನಲ್ಲೇ ಮುಗಿಯಿತು! ದ್ರಾವಕದ ಬದಲು ಮಾಮೂಲಿ ಸ್ಟೆರೈಲ್ ವಾಟರ್ ಹಾಕಿದರೆ ಉಳಿದದ್ದನ್ನು ಚೆಲ್ಲಬೇಕು. ಫ್ರೀಜರ್‌ಗಿಟ್ಟರೂ ಅದೇ ಗತಿ. (ಅಗ್ಗದ ಬ್ರ್ಯಾಂಡ್ ತಂದು ಉಳಿಸಿದ ದುಡ್ಡು ಹೀಗೆ ಸಿಂಕಿಗೆ ಹೋಗುತ್ತದೆ.)

ಕರಗಿಸುವಾಗ ಕುಲುಕಬಾರದು, ನೊರೆ ಬರುತ್ತದೆ. ಮೆಲ್ಲಗೆ ತಿರುಗಿಸಿ ಐದು ನಿಮಿಷ ಬಿಡಬೇಕು. ಡ್ರಿಪ್‌ಗೆ 250 ಮಿ.ಲೀ. ನಾರ್ಮಲ್ ಸಲೈನ್ ಮಾತ್ರ. ಡೆಕ್ಸ್‌ಟ್ರೋಸ್‌ನಲ್ಲಿ ಪ್ರೋಟೀನು ಗಂಟುಕಟ್ಟುತ್ತದೆ. ಮೊದಲ ಸಲ 90 ನಿಮಿಷ, ತೊಂದರೆಯಾಗದಿದ್ದರೆ ಮುಂದಿನವು 30.

ಯಾವ ಕಂಪನಿಯದಾದರೂ ಹೃದಯದ ಪಂಪಿಂಗ್ ಶಕ್ತಿ ಕುಗ್ಗಬಹುದು. ಶುರುವಿಗೆ ಮುನ್ನ ಒಂದು ಎಕೋ (ಹೃದಯದ ಸ್ಕ್ಯಾನ್), ಆಮೇಲೆ ಮೂರು ತಿಂಗಳಿಗೊಮ್ಮೆ. ಅರ್ಧ ದಾರಿಯಲ್ಲಿ ಈ ಎಕೋ ಕೈಬಿಡುವವರೂ ಇದ್ದಾರೆ, ಸುಸ್ತಿಗೆಲ್ಲ ಕೀಮೋ ಕಾರಣ ಅಂದುಕೊಂಡು.

ಡಿಸ್ಚಾರ್ಜ್ ಹಾಳೆಯಲ್ಲಿ ಬ್ರ್ಯಾಂಡ್ ಹೆಸರು, ಬ್ಯಾಚ್ ನಂಬರ್ ಎರಡನ್ನೂ ಬರೆಸಿಕೊಳ್ಳಿ. ಬರೀ 'ಟ್ರಾಸ್ಟುಜುಮಾಬ್' ಎಂದಿದ್ದರೆ ರಿಯಾಕ್ಷನ್ ಆದಾಗ ಯಾವ ವಯಲ್‌ನದು ಎಂದು ಹುಡುಕಲಾಗದು. ಹೆಸರಿನ ಕೊನೆಗೆ 'ಎಮ್ಟಾನ್ಸಿನ್' ಅಂತಿದ್ದರೆ ಅದು ಬೇರೆಯೇ ಔಷಧಿ, ಡೋಸ್ ಕೆ.ಜಿ.ಗೆ 3.6 ಮಿ.ಗ್ರಾಂ. ಡ್ರಿಪ್ ಹಾಕುವ ಮುಂಚೆ ಬಾಕ್ಸಿನ ಮೇಲೆ ಪೂರ್ತಿ ಹೆಸರು ಓದಿ.